ಉಡುಮಲೈಪೇಟೆಯ ಗಾಳಿಯೂ ಕೋಣೆಯ ಕಣ್ಣೂ

ಕಾಸರಗೋಡಿನಿಂದ ದಕ್ಷಿಣಕ್ಕೆ ಹೊರಟ ರೈಲು ತಿರೂರಿನವರೆಗೆ ಕಡಲ ಕರೆಗೆ ಸಮೀಪವಾಗಿಯೇ ಸಾಗಿ, ಬಳಿಕ ಒಳನಾಡಿಗೆ ತಿರುಗಿ, ಶೊರನೂರನ್ನು ಹಾದು ಪಾಲಕ್ಕಾಡನ್ನು ಸೇರುತ್ತದೆ. ಈ ಹಾದಿಯಲ್ಲಿ ಘಟ್ಟ ಹತ್ತುವ ಶ್ರಮವಿಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವವರು ಶಿರಾಡಿಯ ತಿರುವುಗಳಲ್ಲಿ ಏರಿ ದಾಟುವ ಸಹ್ಯಾದ್ರಿ ಇಲ್ಲಿ ತಾನಾಗಿಯೇ ಎರಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಿದೆ. ಉತ್ತರದಲ್ಲಿ ನೀಲಗಿರಿ, ದಕ್ಷಿಣದಲ್ಲಿ ಆನೆಮಲೆ. ನಡುವೆ ಮೂವತ್ತು ನಲವತ್ತು ಕಿಲೋಮೀಟರ್ ಅಗಲದ ತಗ್ಗು. ಭೂಗೋಳದ ಪಾಠದಲ್ಲಿ ಮಕ್ಕಳು ಓದುವ ಪಾಲಕ್ಕಾಡಿನ ಕಂಡಿ ಇದೇ. ಪಾಲಕ್ಕಾಡಿನಲ್ಲಿ ಇಳಿದು ಪೊಳ್ಳಾಚಿ, ಪಳನಿ ಕಡೆಗೆ ಹೋಗುವ ಗಾಡಿಯನ್ನು ಹತ್ತಿದವರು ಆ ಎರಡು ಊರುಗಳ ನಡುವೆ ಉಡುಮಲೈಪೇಟೆಯನ್ನು ಕಾಣುತ್ತಾರೆ. ಮೀಟರ್ ಗೇಜಿನ ಈ ಹಳೆಯ ಹಾದಿ 2015ರಲ್ಲಿ ಬ್ರಾಡ್‌ಗೇಜ್ ಆಗಿ ಮತ್ತೆ ತೆರೆಯಿತು.

ಮನುಷ್ಯರಿಗಿಂತ ಮೊದಲು ಈ ದಾರಿಯನ್ನು ಕಂಡುಕೊಂಡದ್ದು ಗಾಳಿ. ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರದಿಂದ ಏಳುವ ಮುಂಗಾರು ಮಾರುತ ಕಾಸರಗೋಡಿನಂತಹ ಕರಾವಳಿಯಲ್ಲಿ ತನ್ನ ನೀರನ್ನು ಸುರಿಸಿ, ಮುಂದೆ ಬೆಟ್ಟದ ಗೋಡೆಗೆ ತಾಗಿ ತಡೆದು ನಿಲ್ಲುತ್ತದೆ. ಕಂಡಿಯಿರುವಲ್ಲಿ ಮಾತ್ರ ಅದಕ್ಕೆ ತಡೆಯಿಲ್ಲ. ಅಗಲವಾದ ಹೊಳೆ ಇಕ್ಕಟ್ಟಾದ ಸಂಕದಡಿ ರಭಸಗೊಳ್ಳುವಂತೆ, ಗಾಳಿಯೂ ಇಲ್ಲಿ ವೇಗವನ್ನು ಪಡೆದು ಪೂರ್ವದ ಬಯಲಿಗೆ ನುಗ್ಗುತ್ತದೆ. ಉಡುಮಲೈಪೇಟೆಗೆ ಬಂದು ತಲುಪುವುದು ಮಳೆ ಕಳೆದುಕೊಂಡ ಈ ಒಣ ಗಾಳಿ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬ ಗಾದೆ ತಮಿಳುನಾಡಿನಲ್ಲಿ ಮನೆಮಾತು. ತುಳುನಾಡಿನವರು ಆಟಿಯೆಂದು ಕರೆದು, ಬಿಡದ ಮಳೆಯ ಕಾರಣ ಮನೆಯೊಳಗೇ ಕಳೆಯುವ ತಿಂಗಳೇ ತಮಿಳರ ಆಡಿ. ಒಂದೇ ತಿಂಗಳು, ಒಂದೇ ಮಾರುತ; ಬೆಟ್ಟದ ಈಚೆಗೆ ಅದು ನೀರು, ಆಚೆಗೆ ಬರಿಯ ಗಾಳಿ.

ಈ ಗಾಳಿಯ ಬೆಲೆ ಊರಿಗೆ ಗೊತ್ತಿದೆ. ಉಡುಮಲೈಪೇಟೆಯ ಸುತ್ತಲಿನ ತೆಂಗಿನ ತೋಟಗಳ ಮೇಲೆ, ಜೋಳದ ಹೊಲಗಳ ನಡುವೆ, ಬಿಳಿಯ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅವುಗಳ ಸುಗ್ಗಿಯ ಕಾಲ. ಕೇರಳದ ಶಾಲೆಗಳಿಗೆ ಓಣಂ ರಜೆ ದೊರೆಯುವುದೂ ಈ ಅವಧಿಯ ಕೊನೆಯ ಭಾಗದಲ್ಲೇ. ಹತ್ತು ದಿನಗಳ ರಜೆಯಲ್ಲಿ ಪಳನಿಗೆ ಹೋಗುವವರು, ಅಮರಾವತಿ ಅಣೆಕಟ್ಟನ್ನೂ ತಿರುಮೂರ್ತಿಮಲೆಯನ್ನೂ ನೋಡುವವರು, ಚಿನ್ನಾರ್ ಮರಯೂರುಗಳ ಕಾಡುದಾರಿಯಿಂದ ಮುನ್ನಾರಿಗೆ ಏರುವವರು ಇಲ್ಲಿ ಒಂದೆರಡು ರಾತ್ರಿ ತಂಗುವುದುಂಟು. ಎರಡನೆಯ ಗುಂಪು ಬರುವುದು ಏಪ್ರಿಲ್ ಮೇ ತಿಂಗಳ ಬೇಸಗೆ ರಜೆಯಲ್ಲಿ. ಆಗ ಇದೇ ಊರಿನ ಗಾಳಿ ಬಿದ್ದುಹೋಗಿರುತ್ತದೆ, ಹಗಲಿನ ತಾಪ 35 ಡಿಗ್ರಿ ಸೆಲ್ಸಿಯಸನ್ನು ಮೀರುವುದು ಅಪರೂಪವಲ್ಲ.

ಊರು ಈಗ ತಿರುಪ್ಪೂರು ಜಿಲ್ಲೆಯಲ್ಲಿದೆ. 2009ರಲ್ಲಿ ಆ ಜಿಲ್ಲೆ ರೂಪುಗೊಳ್ಳುವವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕನ್ನಡಿಗರಿಗೆ ಕೊಯಮತ್ತೂರು ಜಿಲ್ಲೆ ಪೂರ್ಣ ಅಪರಿಚಿತವಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲೂಕು ಅದರದೇ ಭಾಗವಾಗಿತ್ತು. ಕೊಳ್ಳೇಗಾಲವು ಮೈಸೂರು ರಾಜ್ಯವನ್ನು ಸೇರಿದ ದಿನವೇ ಕಾಸರಗೋಡು ಕೇರಳವನ್ನು ಸೇರಿತು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಓದುಬರಹ ತಮಿಳಿನಲ್ಲಿ, ಅಂಗಡಿಯ ಫಲಕ ತಮಿಳಿನಲ್ಲಿ, ಬಸ್ಸಿನ ಮಾತು ತಮಿಳಿನಲ್ಲಿ. ಬಾಗಿಲು ಹಾಕಿದ ಮೇಲೆ, ಚೌಡೇಶ್ವರಿಯ ಪಟದ ಮುಂದೆ, ಅಡುಗೆಮನೆಯಲ್ಲಿ, ಅಜ್ಜಿ ಮೊಮ್ಮಕ್ಕಳ ನಡುವೆ ಕನ್ನಡ. ಬೀದಿಯಲ್ಲಿ ಓಡಾಡುವವನಿಗೆ ಈ ಭಾಷೆ ಇಲ್ಲಿದೆಯೆಂದೇ ತಿಳಿಯದು.

ಇಂತಹ ಊರಿನಲ್ಲಿ ಹಿಂದಿನ ಪ್ರಯಾಣಿಕರು ರಾತ್ರಿ ಕಳೆಯುತ್ತಿದ್ದ ಬಗೆ ಬೇರೆ. ಪಳನಿಗೆ ಕಾಲ್ನಡೆಯಲ್ಲಿ ಹೋಗುವವರಿಗೆ ಛತ್ರಗಳಿದ್ದವು, ಮನೆಗಳ ಮುಂದೆ ಜಗಲಿಗಳಿದ್ದವು. ತಮಿಳಿನಲ್ಲಿ ತಿಣ್ಣೈ ಎಂದು ಕರೆಯುವ ಆ ಜಗಲಿ ಮನೆಯ ಯಜಮಾನನಿಗಿಂತ ದಾರಿಹೋಕನಿಗೇ ಹೆಚ್ಚಾಗಿ ಸಲ್ಲುತ್ತಿತ್ತು. ಅದಕ್ಕೆ ಬಾಗಿಲಿಲ್ಲ, ಆದುದರಿಂದ ಗಾಳಿಗೂ ಅತಿಥಿಗೂ ತಡೆಯಿರಲಿಲ್ಲ. ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳಲ್ಲಿ ಇನ್ನೊಂದು ವ್ಯವಸ್ಥೆಯಿತ್ತು. ಮಾಡಿನ ಅಡಿ ತೂಗುಹಾಕಿದ ಬಟ್ಟೆಯ ಪಂಕಾ. ಅದರ ಹಗ್ಗ ಗೋಡೆಯ ತೂತಿನಿಂದ ಹೊರಬಂದು ಜಗಲಿಯಲ್ಲಿ ಕುಳಿತ ಕೂಲಿಯಾಳಿನ ಕೈಯಲ್ಲಿ. ಒಳಗೆ ಸಾಹೇಬನು ಮಲಗಿದಷ್ಟು ಹೊತ್ತು ಹೊರಗೆ ಒಬ್ಬ ಬಡವನು ಎಚ್ಚರವಾಗಿದ್ದು ಹಗ್ಗವನ್ನು ಎಳೆಯಬೇಕು. ಅವನು ತೂಕಡಿಸಿದರೆ ಸಾಹೇಬನಿಗೆ ಎಚ್ಚರವಾಗುತ್ತಿತ್ತು. ಆ ಅನ್ಯಾಯದ ಕಾಲ ಹೋದದ್ದು ಒಳ್ಳೆಯದೇ ಆಯಿತು. ಆದರೆ ಅಲ್ಲಿದ್ದ ಒಂದು ತಿಳಿವಳಿಕೆಯನ್ನು ಗಮನಿಸಬೇಕು: ಒಳಗಿರುವವನು ನಿದ್ರಿಸುತ್ತಿದ್ದಾನೆ ಎಂಬುದೇ ಗಾಳಿ ಬೀಸಬೇಕಾದ ಕಾರಣವಾಗಿತ್ತು.

ಇಂದಿನ ಕೆಲವು ಕೋಣೆಗಳಲ್ಲಿ ಇದು ತಲೆಕೆಳಗಾಗಿದೆ. ಒಳಗಿರುವವನು ನಿದ್ರಿಸಿದೊಡನೆ ಯಂತ್ರವೂ ನಿಲ್ಲುತ್ತದೆ.

ಎಲ್ಲ ಲಾಡ್ಜುಗಳಲ್ಲಿ ಹೀಗೆಂದಲ್ಲ. ಸಾಮಾನ್ಯ ಕೋಣೆಯಲ್ಲಿ ಫ್ಯಾನಿನ ಸ್ವಿಚ್ಚು ಗೋಡೆಯಲ್ಲಿರುತ್ತದೆ, ಹವಾನಿಯಂತ್ರಕದ ರಿಮೋಟು ಮೇಜಿನ ಮೇಲಿರುತ್ತದೆ. ಎರಡೂ ಅತಿಥಿಯ ಮಾತು ಕೇಳುತ್ತವೆ. ತುಸು ಹೊಸ ಕಟ್ಟಡಗಳಲ್ಲಿ ಬಾಗಿಲ ಬಳಿ ಕಾರ್ಡು ಸಿಕ್ಕಿಸುವ ಸಣ್ಣ ಪೆಟ್ಟಿಗೆಯಿರುತ್ತದೆ. ಕಾರ್ಡನ್ನು ತೆಗೆದರೆ ದೀಪ, ಫ್ಯಾನು, ಹವಾನಿಯಂತ್ರಕ ಎಲ್ಲವೂ ನಿಲ್ಲುತ್ತವೆ. ಮೂರನೆಯ ಬಗೆಯದು ಇನ್ನೂ ಹೊಸದು. ಗೋಡೆಯಲ್ಲೋ ಚಾವಣಿಯಲ್ಲೋ ಅರ್ಧ ನಿಂಬೆಹಣ್ಣಿನಂತಹ ಬಿಳಿಯ ಗುಬ್ಬಿ. ಹವಾನಿಯಂತ್ರಕವನ್ನು ಆಳುವ ಥರ್ಮೋಸ್ಟಾಟ್ ಎಂಬ ತಾಪನಿಯಂತ್ರಕ ಈ ಗುಬ್ಬಿಯ ಸೂಚನೆಯಂತೆ ನಡೆಯುತ್ತದೆ. ದೊಡ್ಡ ನಗರಗಳ ಹೋಟೆಲುಗಳಲ್ಲಿ ಮೊದಲು ಕಾಣಿಸಿಕೊಂಡ ಈ ಸಂವೇದಕ ಈಗ ರಜೆ ಕಳೆಯುವ ತಾಣಗಳಲ್ಲೂ ಎದುರಾಗುತ್ತಿದೆ. ಕೋಣೆಯಲ್ಲಿ ಚಲನೆ ಕಂಡರೆ ತಂಪು. ನಿಗದಿಪಡಿಸಿದಷ್ಟು ನಿಮಿಷ ಚಲನೆ ಕಾಣದಿದ್ದರೆ ಯಾರೂ ಇಲ್ಲವೆಂದು ತೀರ್ಮಾನ. ಆ ನಿಮಿಷಗಳು ಹದಿನೈದೂ ಆಗಿರಬಹುದು, ಮೂವತ್ತೂ ಆಗಿರಬಹುದು.

ಹಗಲಿನಲ್ಲಿ ಈ ತೀರ್ಮಾನ ಹೆಚ್ಚಾಗಿ ಸರಿಯೇ. ತಪ್ಪುವುದು ರಾತ್ರಿಯಲ್ಲಿ. ಅಣೆಕಟ್ಟು, ಜಲಪಾತ, ದೇವಸ್ಥಾನ ಎಂದು ದಿನವಿಡೀ ಸುತ್ತಿ ದಣಿದ ಮನೆಮಂದಿ ಹತ್ತು ಗಂಟೆಗೆ ಮಲಗುತ್ತಾರೆ. ಮಕ್ಕಳು ಮೊದಲು ನಿದ್ದೆಹೋಗುತ್ತಾರೆ, ಬಳಿಕ ದೊಡ್ಡವರು. ಎಲ್ಲರೂ ನಿಶ್ಚಲರಾದ ಮೇಲೆ ಗುಬ್ಬಿ ತನ್ನ ನಿಮಿಷಗಳನ್ನು ಎಣಿಸಿ ಮುಗಿಸುತ್ತದೆ. ಹನ್ನೆರಡರ ಹೊತ್ತಿಗೆ ಕೋಣೆ ಬಿಸಿಯಾಗಿ ಮಗು ಅಳುತ್ತದೆ. ತಾಯಿ ಎದ್ದು ಕುಳಿತೊಡನೆ ಯಂತ್ರ ಮತ್ತೆ ಚಾಲೂ ಆಗುತ್ತದೆ; ಕೆಟ್ಟಿದ್ದರೆ ಹೀಗೆ ನಡೆಯುತ್ತಿರಲಿಲ್ಲವಲ್ಲ ಎಂದು ಆಕೆಗೆ ಆಶ್ಚರ್ಯ. ಮಗು ಮಲಗುತ್ತದೆ, ತಾಯಿ ಮಲಗುತ್ತಾಳೆ, ಯಂತ್ರವೂ ನಿಲ್ಲುತ್ತದೆ. ಬೆಳಗಿನವರೆಗೆ ಇದೇ ಆವರ್ತನೆ.

ಈ ಗುಬ್ಬಿ ಏನನ್ನು ನೋಡುತ್ತದೆ ಎಂಬುದನ್ನು ತಿಳಿಯಲು 1800ನೆಯ ಇಸವಿಗೆ ಹೋಗಬೇಕು. ಖಗೋಳಶಾಸ್ತ್ರಜ್ಞ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಏಳು ಬಣ್ಣಗಳಲ್ಲಿ ಯಾವುದು ಎಷ್ಟು ಬಿಸಿಯೆಂದು ಉಷ್ಣಮಾಪಕದಿಂದ ಅಳೆಯುತ್ತಿದ್ದರು. ಕೆಂಪಿನ ಆಚೆಗೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಇಟ್ಟ ಉಷ್ಣಮಾಪಕವೂ ಏರಿತು. ಹೀಗೆ ತಿಳಿದುಬಂದದ್ದು ಅವಕೆಂಪು ಕಿರಣ. ಬಿಸಿಯಿರುವ ಪ್ರತಿಯೊಂದು ವಸ್ತುವೂ, ಮನುಷ್ಯನ ದೇಹವೂ, ಇಂತಹ ಕಿರಣಗಳನ್ನು ಸದಾ ಸೂಸುತ್ತಿರುತ್ತದೆ. ಸುಮ್ಮನೆ ಕುಳಿತ ವಯಸ್ಕನ ದೇಹ ಹೊರಹಾಕುವ ಶಾಖ ಸುಮಾರು 100 ವಾಟಿನ ಹಳೆಯ ಬಲ್ಬಿಗೆ ಸಮ. ನಮ್ಮ ದೇಹದ ಕಿರಣಗಳ ತರಂಗಾಂತರ ಸುಮಾರು 10 ಮೈಕ್ರೋಮೀಟರ್; ಕಣ್ಣಿಗೆ ಕಾಣುವ ಕೆಂಪು ಬೆಳಕಿನದು ಸುಮಾರು 0.7 ಮೈಕ್ರೋಮೀಟರ್ ಮಾತ್ರ. ಟಿ.ವಿ.ಯ ರಿಮೋಟಿನಿಂದ ಹೊರಡುವುದೂ ಅವಕೆಂಪೇ, ಆದರೆ ಅದು ಕೆಂಪಿಗೆ ತೀರ ಹತ್ತಿರದ್ದು. ಆದುದರಿಂದಲೇ ರಿಮೋಟಿನ ಮೂತಿಯನ್ನು ಮೊಬೈಲಿನ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿದರೆ ಅನೇಕ ಮೊಬೈಲುಗಳಲ್ಲಿ ಒಂದು ಮಿನುಗು ಕಾಣುತ್ತದೆ. ದೇಹದ ಶಾಖ ಮಾತ್ರ ಆ ಕ್ಯಾಮೆರಾಕ್ಕೆ ಕಾಣಿಸದು.

ದೇಹದ ಶಾಖವನ್ನು ಕಾಣಬಲ್ಲ ಜೀವಿಗಳು ಉಡುಮಲೈಪೇಟೆಗೆ ದೂರದವಲ್ಲ. ದಕ್ಷಿಣಕ್ಕೆ ಕಾಣುವ ಆನೆಮಲೆಯ ಕಾಡುಗಳಲ್ಲಿ ಕಣ್ಣಿಗೂ ಮೂಗಿಗೂ ನಡುವೆ ಗುಳಿಯುಳ್ಳ ಮಂಡಲ ಜಾತಿಯ ಹಾವುಗಳಿವೆ. ಆ ಗುಳಿಯ ಮೂಲಕ ಅವು ಕತ್ತಲೆಯಲ್ಲೂ ಇಲಿಯ ಮೈಬಿಸಿಯನ್ನು ಅರಿಯುತ್ತವೆ. ಗೋಡೆಯ ಗುಬ್ಬಿಯೂ ಅಂತಹದೇ ಒಂದು ಗುಳಿ. ಆದರೆ ಅದಕ್ಕೆ ಹಾವಿನಷ್ಟು ಜಾಣತನವಿಲ್ಲ. ಅದರೊಳಗೆ ಒಂದರ ಸೂಚನೆಯನ್ನು ಇನ್ನೊಂದು ಅಳಿಸುವಂತೆ ಜೋಡಿಸಿದ ಎರಡು ಸಣ್ಣ ತುಣುಕುಗಳಿರುತ್ತವೆ. ಮೇಲಿನ ಪ್ಲಾಸ್ಟಿಕ್ ಮಸೂರ ಕೋಣೆಯನ್ನು ಬೀಸಣಿಗೆಯ ಮಡಿಕೆಗಳಂತೆ ಪಟ್ಟೆಪಟ್ಟೆಯಾಗಿ ವಿಭಾಗಿಸುತ್ತದೆ. ಬಿಸಿಯಾದ ದೇಹವೊಂದು ಒಂದು ಪಟ್ಟೆಯಿಂದ ಇನ್ನೊಂದಕ್ಕೆ ದಾಟಿದಾಗ ಒಂದು ತುಣುಕು ಮೊದಲು, ಇನ್ನೊಂದು ಬಳಿಕ ಬಿಸಿಯಾಗಿ ಸೂಚನೆ ಹುಟ್ಟುತ್ತದೆ. ದೇಹ ಒಂದೇ ಕಡೆ ನಿಂತರೆ ಎರಡೂ ಸಮವಾಗಿ, ಸೂಚನೆ ಸೊನ್ನೆಯಾಗುತ್ತದೆ. ಆದುದರಿಂದ ಅದು ಕಾಣುವುದು ಮನುಷ್ಯನನ್ನಲ್ಲ, ಬದಲಾವಣೆಯನ್ನು. ನೂರು ವಾಟಿನ ಶಾಖ ಸೂಸುತ್ತ ಕಣ್ಣೆದುರೇ ಮಲಗಿರುವವನು ಅದರ ಪಾಲಿಗೆ ಮಂಚಕ್ಕೆ ಸಮಾನ.

ಅಮರಾವತಿ ಅಣೆಕಟ್ಟಿನ ಮೊಸಳೆ ಸಾಕಣೆಯ ತಾಣದಲ್ಲಿ ಈ ಪಾಠಕ್ಕೆ ಒಳ್ಳೆಯ ಉದಾಹರಣೆ ಸಿಗುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಗಂಟೆಗಟ್ಟಲೆ ಕದಲದೆ ಬಿದ್ದಿರುವ ಮೊಸಳೆಯನ್ನು ಕಂಡು, ಇದು ಬೊಂಬೆಯೇ ಎಂದು ಮಕ್ಕಳು ಕೇಳುವುದುಂಟು. ಈ ಸಂವೇದಕಕ್ಕೆ ಮೊಸಳೆ ಎರಡು ಬಗೆಯಿಂದ ಅಗೋಚರ: ಅದು ಅಲುಗುವುದಿಲ್ಲ, ಶೀತರಕ್ತದ ಪ್ರಾಣಿಯಾದ ಕಾರಣ ಅದರ ಮೈಯ ಬಿಸಿ ಸುತ್ತಲಿನ ಬಿಸಿಗಿಂತ ಬಹಳ ಬೇರೆಯೂ ಅಲ್ಲ. ಮೊಸಳೆ ಇಲ್ಲವೆಂದು ಯಂತ್ರ ಹೇಳಿತೆಂದು ನೀರಿಗಿಳಿಯುವವರು ಯಾರೂ ಇರಲಾರರು.

ಮನುಷ್ಯರ ಕೋಣೆಯಲ್ಲಿ ಇನ್ನೂ ಮೂರು ತೊಡಕುಗಳಿವೆ. ದೇಹದ ಅವಕೆಂಪು ಕಿರಣ ಸಾಮಾನ್ಯ ಗಾಜನ್ನು ದಾಟದು. ಗಾಜಿನ ಗೋಡೆಯ ಸ್ನಾನಗೃಹದಲ್ಲಿರುವವನು ನಮಗೆ ಕಂಡರೂ ಗುಬ್ಬಿಗೆ ಕಾಣುವುದಿಲ್ಲ. ಕಂಬಳಿ ಹೊದ್ದವನ ಶಾಖ ಕಂಬಳಿಯ ಒಳಗೇ ಉಳಿಯುತ್ತದೆ. ಮೂರನೆಯದು ಬೇಸಗೆಯಲ್ಲಿ ಮುಖ್ಯವಾದುದು. ಹೊರಗಣ ಬಿಸಿ ಚರ್ಮದ ಬಿಸಿಗೆ ಹತ್ತಿರವಾದಂತೆ ದೇಹ ಮತ್ತು ಗೋಡೆಗಳ ನಡುವಿನ ಅಂತರ ಕುಗ್ಗಿ ಸಂವೇದಕದ ದೃಷ್ಟಿ ಮಂದವಾಗುತ್ತದೆ. ಯಂತ್ರ ನಿಂತು ಕೋಣೆ ಬಿಸಿಯಾಯಿತು ಎಂದಿಟ್ಟುಕೊಳ್ಳೋಣ. ಕೋಣೆ ಬಿಸಿಯಾದಷ್ಟೂ ಒಳಗಿರುವವನು ಅದಕ್ಕೆ ಇನ್ನಷ್ಟು ಕಾಣದಾಗುತ್ತಾನೆ. ತಂಪು ಅತ್ಯಂತ ಅಗತ್ಯವಾದ ಗಳಿಗೆಯಲ್ಲೇ ಆ ಕಣ್ಣು ಅತ್ಯಂತ ಕುರುಡು.

ಈ ಯಂತ್ರಗಳ ಮೂಲೋದ್ದೇಶ ಹೀಗಿರಲಿಲ್ಲ. ವಿದ್ಯುತ್ತಿನ ಕೋಣೆ ಥರ್ಮೋಸ್ಟಾಟ್ ಹುಟ್ಟಿದ್ದು ಒಂದು ಶಾಲೆಯಲ್ಲಿ ಎಂಬುದು ಶಾಲಾ ಮಕ್ಕಳಿರುವ ಮನೆಗಳಲ್ಲಿ ತಿಳಿದಿರಬೇಕಾದ ಸಂಗತಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬಲ್ಲಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರನ್ ಜಾನ್ಸನ್ ಎಂಬ ಅಧ್ಯಾಪಕರು ಪಾಠ ಹೇಳುತ್ತಿದ್ದರು. ಅಲ್ಲಿಯ ಚಳಿಗೆ ಕಟ್ಟಡದ ಕೆಳಗೆ ಒಲೆ ಉರಿಸಿ ತರಗತಿಗಳನ್ನು ಬೆಚ್ಚಗಿಡಬೇಕಿತ್ತು. ಕೋಣೆ ಹೆಚ್ಚು ಬಿಸಿಯಾಯಿತೋ ತಣ್ಣಗಾಯಿತೋ ಎಂದು ನೋಡಲು ಜವಾನನು ಪಾಠದ ನಡುವೆ ಮತ್ತೆ ಮತ್ತೆ ಒಳಬರುತ್ತಿದ್ದನು. ಪಾಠ ಕೆಡದಿರಲೆಂದು ಜಾನ್ಸನ್ ಒಂದು ಉಪಕರಣವನ್ನು ರಚಿಸಿ 1883ರಲ್ಲಿ ಪೇಟೆಂಟ್ ಪಡೆದರು; ಕೋಣೆಯ ತಾಪ ಬದಲಾದರೆ ಅದು ಒಲೆಯ ಕೋಣೆಗೆ ಸೂಚನೆ ಕಳುಹಿಸುತ್ತಿತ್ತು. ಸುಮ್ಮನೆ ಕುಳಿತು ಓದುವವರಿಗೆ ತೊಂದರೆಯಾಗಬಾರದು ಎಂಬುದೇ ಅದರ ಹುಟ್ಟಿಗೆ ಕಾರಣ. ಇಂದು ಪರೀಕ್ಷೆಗೆ ಓದುತ್ತ ಪುಸ್ತಕದ ಮೇಲೆ ತಲೆಯಿಟ್ಟು ಕುಳಿತ ವಿದ್ಯಾರ್ಥಿಯನ್ನು ಅದೇ ವಂಶದ ಯಂತ್ರವೊಂದು ಇಲ್ಲದವನೆಂದು ಬಗೆಯುತ್ತದೆ.

ಹವಾನಿಯಂತ್ರಣದ ಕಥೆಯೂ ಉಡುಮಲೈಪೇಟೆಯಂತಹ ಗಿರಣಿಯೂರಿಗೆ ಹತ್ತಿರದ್ದು. ಹವೆಯನ್ನು ಹದಗೊಳಿಸುವುದು ಎಂಬರ್ಥದ ಏರ್ ಕಂಡೀಶನಿಂಗ್ ಎಂಬ ಮಾತನ್ನು 1906ರಲ್ಲಿ ಚಾಲ್ತಿಗೆ ತಂದವರು ಅಮೆರಿಕದ ಬಟ್ಟೆ ಗಿರಣಿಗಳಿಗೆ ಕೆಲಸ ಮಾಡುತ್ತಿದ್ದ ಇಂಜಿನಿಯರ್ ಸ್ಟುವರ್ಟ್ ಕ್ರೇಮರ್. ಒಣ ಹವೆಯಲ್ಲಿ ಹತ್ತಿಯ ನೂಲು ತುಂಡಾಗುತ್ತದೆ. ಅದಕ್ಕೆ ತೇವ ಬೇಕು. ಕೊಯಮತ್ತೂರು ಸೀಮೆಯ ನೂಲಿನ ಗಿರಣಿಗಳಲ್ಲಿ ಹವೆಗೆ ತೇವ ಸೇರಿಸುವ ಏರ್ಪಾಡು ಇರುವುದೂ ಇದೇ ಕಾರಣಕ್ಕೆ. ನೆಲವನ್ನು ಅಗೆದು ಗುಂಡಿಯಲ್ಲಿ ಕಾಲಿಳಿಸಿ ನೇಯುವ ಗುಂಡಿಮಗ್ಗದಲ್ಲೂ ನೆಲದ ತಂಪು ನೂಲಿಗೆ ಮೆತುತನ ಕೊಡುತ್ತದೆ. ಕದಲದೆ ಬಿದ್ದಿರುವ ನೂಲಿನ ಉಂಡೆಗೂ ಹವೆಯ ಹದ ಬೇಕೆಂದು ನೇಕಾರನಿಗೆ ಗೊತ್ತಿತ್ತು.

ಹೋಟೆಲಿನವರ ಪಕ್ಷವನ್ನೂ ಕೇಳಬೇಕು. ಬೆಳಗ್ಗೆ ತಿರುಮೂರ್ತಿಮಲೆಗೆ ಹೊರಟ ಅತಿಥಿಗಳು ಹವಾನಿಯಂತ್ರಕವನ್ನು 18 ಡಿಗ್ರಿಯಲ್ಲಿ ಬಿಟ್ಟು, ಮರಳಿ ಬಂದಾಗ ಕೋಣೆ ತಣ್ಣಗಿರಲಿ ಎಂದು ಹೋಗುವುದುಂಟು. ಖಾಲಿ ಮಂಚಕ್ಕೆ ದಿನವಿಡೀ ತಂಪು. ಆ ವಿದ್ಯುತ್ತಿನ ಬೆಲೆ ಕೊನೆಗೆ ಎಲ್ಲರ ಬಾಡಿಗೆಯಲ್ಲಿ ಸೇರುತ್ತದೆ, ಹೊಗೆ ಎಲ್ಲರ ಆಕಾಶಕ್ಕೆ ಸೇರುತ್ತದೆ. ತಾಪದ ಮಟ್ಟವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 2020ರ ಆರಂಭದಿಂದ ತಾರಾ ಗುರುತಿನ ಕೋಣೆ ಹವಾನಿಯಂತ್ರಕಗಳು ಚಾಲೂ ಆಗುವಾಗ 24 ಡಿಗ್ರಿಯಲ್ಲೇ ಇರಬೇಕೆಂಬ ನಿಯಮವೂ ಬಂದಿದೆ. ಉಳಿತಾಯದ ಉದ್ದೇಶ ಸರಿ. ಪ್ರಶ್ನೆಯಿರುವುದು ಖಾಲಿ ಕೋಣೆಯನ್ನೂ ಮಲಗಿದವರ ಕೋಣೆಯನ್ನೂ ಒಂದೇ ಎಂದು ಎಣಿಸುವ ಲೆಕ್ಕದಲ್ಲಿ.

ಇದರ ನಷ್ಟ ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ನಿದ್ದೆಯಲ್ಲಿ ಹೊರಳಾಡುವ ಯುವಕನನ್ನು ಯಂತ್ರ ಆಗಾಗ ಗಮನಿಸೀತು. ಅಲುಗುವುದು ಕಡಿಮೆಯಾದವರು ಯಾರು? ತೊಟ್ಟಿಲಿನ ಮಗು, ಮೊಣಕಾಲಿನ ನೋವಿನಿಂದ ಮಗ್ಗುಲು ಬದಲಿಸಲಾರದ ಅಜ್ಜಿ, ಜ್ವರದಲ್ಲಿ ಬಿದ್ದವರು. ಎಳೆಯರ ಹಾಗೂ ಮುಪ್ಪಿನವರ ದೇಹಕ್ಕೆ ಸೆಕೆಯನ್ನು ತಾಳುವ ಶಕ್ತಿಯೂ ಕಡಿಮೆ. ತಂಪು ಹೆಚ್ಚು ಬೇಕಾದವರನ್ನೇ ಈ ಲೆಕ್ಕ ಮೊದಲು ಬಿಟ್ಟುಬಿಡುತ್ತದೆ. ಕಾರ್ಡಿನ ವ್ಯವಸ್ಥೆಯಲ್ಲಿ ಇನ್ನೊಂದು ಅಪಾಯವಿದೆ. ಮಧುಮೇಹಿಗಳ ತೆರೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿಟ್ಟು ಕಾರ್ಡನ್ನು ಕಿತ್ತುಕೊಂಡು ಹೊರಗೆ ಹೋದರೆ, ಫ್ರಿಜ್ಜಿಗೂ ಅದೇ ಸಂಪರ್ಕವಿದ್ದಲ್ಲಿ, ಸಂಜೆಗೆ ಮದ್ದು ಕೋಣೆಯಷ್ಟೇ ಬೆಚ್ಚಗಾಗಿರುತ್ತದೆ.

ಇಂತಹ ರಾತ್ರಿಯ ಮರುದಿನ ಲಾಡ್ಜಿನ ಕೌಂಟರಿನಲ್ಲಿ ನಡೆಯಬಹುದಾದ ಮಾತನ್ನು ಊಹಿಸುವುದು ಕಷ್ಟವಲ್ಲ. ಅಜ್ಜಿ ದೂರು ಹೇಳುತ್ತಾರೆ. ಕೌಂಟರಿನ ಹುಡುಗನದು ನೇಕಾರರ ಮನೆಯಾದರೆ, ಅಜ್ಜಿ ಮೊಮ್ಮಗಳೊಡನೆ ಆಡಿದ ಮಾತು ಕಿವಿಗೆ ಬಿದ್ದು ಅವನೂ ಕನ್ನಡದಲ್ಲೇ ಉತ್ತರಿಸುತ್ತಾನೆ:

“ಕೋಣೆಯಲ್ಲಿ ಆಳಿಲ್ಲದಾಗ ಮಾತ್ರ ಅದು ನಿಲ್ಲುವುದು, ಅಮ್ಮಾ.”

“ನಾವು ಮೂವರೂ ಒಳಗೇ ಇದ್ದೆವಲ್ಲ ಮಗಾ. ಇರುವುದನ್ನು ತೋರಿಸಲು ರಾತ್ರಿಯಿಡೀ ಕೈಯಾಡಿಸುತ್ತ ಇರಬೇಕೋ?”

ಅಜ್ಜಿಯ ಪ್ರಶ್ನೆಗೆ ತಂತ್ರಜ್ಞಾನದಲ್ಲಿ ಉತ್ತರವಿಲ್ಲವೆಂದಲ್ಲ. ಬಾಗಿಲಿಗೆ ಒಂದು ಸಣ್ಣ ಸಂವೇದಕವನ್ನು ಸೇರಿಸಿದರೆ ಲೆಕ್ಕ ಬಹುಮಟ್ಟಿಗೆ ಸರಿಯಾಗುತ್ತದೆ: ಬಾಗಿಲು ಮುಚ್ಚಿದ ಬಳಿಕ ಒಮ್ಮೆ ಚಲನೆ ಕಂಡರೆ, ಮತ್ತೆ ಬಾಗಿಲು ತೆರೆಯುವವರೆಗೆ ಒಳಗೆ ಜನರಿದ್ದಾರೆಂದೇ ಎಣಿಕೆ. ಉಸಿರಾಟದಿಂದ ಎದೆ ಏರಿಳಿಯುವುದನ್ನೂ ಗುರುತಿಸಬಲ್ಲ ರಾಡಾರ್ ಮಾದರಿಯ ಸಂವೇದಕಗಳೂ ಬಂದಿವೆ. ತೊಂದರೆ ಹೆಚ್ಚಾಗಿ ಕಾಣುವುದು ಗುಬ್ಬಿಯೊಂದನ್ನೇ ಹಾಕಿ ಉಳಿದುದನ್ನು ಮರೆತಲ್ಲಿ.

ಪ್ರಯಾಣಿಕರು ಮಾಡಬಹುದಾದುದು ಸರಳ. ಮುಂಗಡ ಕೊಡುವ ಮೊದಲೇ ಕೋಣೆಯನ್ನು ನೋಡಿ, ಗುಬ್ಬಿ ಇದೆಯೇ ಎಂದು ಗೋಡೆ, ಚಾವಣಿಗಳನ್ನು ಗಮನಿಸಬೇಕು. ಇದ್ದರೆ, ರಾತ್ರಿಯ ಹೊತ್ತು ಅದನ್ನು ನಿಷ್ಕ್ರಿಯಗೊಳಿಸಿ ಕೊಡುವಿರಾ ಎಂದು ಕೌಂಟರಿನಲ್ಲೇ ಕೇಳಬೇಕು. ಅನೇಕ ಉಪಕರಣಗಳಲ್ಲಿ ಸಿಬ್ಬಂದಿ ಈ ಹೊಂದಾಣಿಕೆಯನ್ನು ಬದಲಿಸಬಲ್ಲರು. ಮಗು ಅಥವಾ ವೃದ್ಧರು ಜೊತೆಗಿದ್ದಾರೆಂದು ಹೇಳಲು ಸಂಕೋಚ ಬೇಡ. ಯಂತ್ರ ನಿಂತರೂ ಫ್ಯಾನು ತಿರುಗುತ್ತದೆಯೇ, ಕಾರ್ಡು ತೆಗೆದರೂ ಯಾವ ಪ್ಲಗ್ಗಿನಲ್ಲಿ ವಿದ್ಯುತ್ ಉಳಿಯುತ್ತದೆ ಎಂದು ಪರೀಕ್ಷಿಸಬೇಕು. ಮದ್ದಿರುವವರಿಗೆ ಇದು ಮುಖ್ಯ. ಗುಬ್ಬಿಗೆ ಮಂಚ ಕಾಣುವಂತೆ ನಡುವಿನ ಪರದೆಯನ್ನೋ ಪೆಟ್ಟಿಗೆಯನ್ನೋ ಸರಿಸಿದರೆ ಸ್ವಲ್ಪ ಪ್ರಯೋಜನವಾದೀತು. ಫ್ಯಾನಿನ ಗಾಳಿಗೆ ಕಾಗದದ ಪಟ್ಟಿಯನ್ನು ತೂಗುಹಾಕಿ ಯಂತ್ರವನ್ನು ಮೋಸಗೊಳಿಸಬಹುದೆಂದು ಕೆಲವರು ನಂಬುತ್ತಾರೆ. ಕಾಗದದ ಬಿಸಿ ಗೋಡೆಯ ಬಿಸಿಯಷ್ಟೇ ಇರುವುದರಿಂದ ಅದು ಎಷ್ಟು ಕುಣಿದರೂ ಸಾಮಾನ್ಯವಾಗಿ ಗುಬ್ಬಿಗೆ ಕಾಣದು. ಮಕ್ಕಳು ಬೇಕಾದರೆ ಪ್ರಯೋಗ ಮಾಡಿ ನೋಡಬಹುದು. ಗುಬ್ಬಿಯನ್ನು ಬಿಚ್ಚುವುದು, ತಂತಿ ಎಳೆಯುವುದು ಮಾತ್ರ ಕೂಡದು.

ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಕಿಟಕಿ. ಓಣಂ ರಜೆಯಲ್ಲಿ ಉಡುಮಲೈಪೇಟೆಗೆ ಬರುವವರಿಗೆ ಪಶ್ಚಿಮಕ್ಕೆ ತೆರೆಯುವ ಕಿಟಕಿಯೂ ಅದಕ್ಕೊಂದು ಸೊಳ್ಳೆಬಲೆಯೂ ಇದ್ದರೆ, ರಾತ್ರಿಯ ಹೆಚ್ಚಿನ ಭಾಗಕ್ಕೆ ಬೇರೆ ಏರ್ಪಾಡೇ ಬೇಡವಾಗಬಹುದು. ಎದುರು ಗೋಡೆಯಲ್ಲೂ ಒಂದು ಕಿಟಕಿಯಿದ್ದರೆ ಇನ್ನೂ ಒಳ್ಳೆಯದು. ಒಳಬಂದ ಗಾಳಿಗೆ ಹೊರಹೋಗುವ ದಾರಿಯಿಲ್ಲದಿದ್ದರೆ ಅದು ಹೊಸ್ತಿಲಲ್ಲೇ ನಿಲ್ಲುತ್ತದೆ. ಬೇಸಗೆಯಲ್ಲಿ ಬರುವವರಿಗೆ ಲೆಕ್ಕ ಬೇರೆ. ಆಗ ಪಶ್ಚಿಮದ ಗೋಡೆ ಇಳಿಹೊತ್ತಿನ ಬಿಸಿಲನ್ನು ಕುಡಿದು ರಾತ್ರಿ ಒಳಕ್ಕೆ ಬಿಡುತ್ತದೆ. ತಾರಸಿಯ ಕೆಳಗಿನ ಕೋಣೆಯೂ ಹಾಗೆಯೇ. ಕೆಳ ಅಂತಸ್ತಿನ, ಪೂರ್ವ ಅಥವಾ ಉತ್ತರಕ್ಕೆ ಮುಖಮಾಡಿದ ಕೋಣೆಯನ್ನು ಕೇಳಿ ಪಡೆಯುವುದು ಲೇಸು.

ಆದರೆ ಗಾಜನ್ನು ತೆರೆಯಲಾಗದಂತೆ ಭದ್ರಪಡಿಸಿದ ಕೋಣೆಗಳು ಹೆಚ್ಚುತ್ತಿವೆ. ಅಂತಹ ಕೋಣೆಯಲ್ಲಿ ಯಂತ್ರ ನಿಂತರೆ ಮಲಗಿದವರಿಗೆ ಎರಡನೆಯ ಆಸರೆಯಿಲ್ಲ. ಗಾಜಿನ ಹೊರಗೆ ಕಂಡಿಯಿಂದ ನುಗ್ಗಿದ ಗಾಳಿ ದೂರದ ಹೊಲಗಳಲ್ಲಿ ಗಾಳಿಯಂತ್ರಗಳನ್ನು ಇರುಳೆಲ್ಲ ತಿರುಗಿಸುತ್ತಿರುತ್ತದೆ. ಒಳಗೆ ಸೆಕೆಗೆ ಎಚ್ಚತ್ತವರು ಒಂದು ಬಿಳಿಯ ಗುಬ್ಬಿಯತ್ತ ಕೈಬೀಸುತ್ತಿರುತ್ತಾರೆ. ಆದುದರಿಂದ ಬಾಡಿಗೆ ಎಷ್ಟು, ಬೆಳಗಿನ ತಿಂಡಿ ಉಂಟೋ ಎಂದು ವಿಚಾರಿಸುವ ಮೊದಲು ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಕೋಣೆಯ ಕಿಟಕಿ ತೆರೆಯುತ್ತದೆಯೇ?